ಏಳನೇ ಮಷೀನಿನ ಬಾಗಿಲು

ರಕ್ತ ಒರೆಸಿದ ಬಟ್ಟೆ ಇನ್ನೂ ಬಕೆಟ್ಟಿನ ನೀರಿನಲ್ಲೇ ಬಿದ್ದಿತ್ತು. ಅಷ್ಟರಲ್ಲೇ ಮೇಸ್ತ್ರಿ ಸೋ ಲ್ವಿನ್ ನಿಲಾಳ ಹೆಸರು ಹಿಡಿದು ಕೂಗಿದ.

"ಏಯ್ ನಿಲಾ, ಆ ಬ್ಲೇಡು ಕೆಳಗಿಡು. ಏಳನೇ ಮಷೀನಿಗೆ ಹೋಗಿ ನಿಂತ್ಕೋ. ಸುಮ್ನೆ ಬಿದ್ದಿದೆ ಅದು."

ನಿಲಾ ಹೆರೆಯುವ ಮೇಜಿನ ಮುಂದೆ ಇದ್ದಳು. ಹಲ್ಲುಜ್ಜುವ ಬ್ರಷ್ಷಿನ ಹಿಡಿಗಳಿಗೆ ಅಂಟಿಕೊಂಡು ಬರುವ ಪ್ಲಾಸ್ಟಿಕ್ಕಿನ ಬಾಲಗಳನ್ನು ಬ್ಲೇಡಿನಿಂದ ಕತ್ತರಿಸಿ ಹಾಕುವುದು ಅವಳ ಕೆಲಸ. ಬೆಳಿಗ್ಗೆ ನಿಂತರೆ ಸಂಜೆಯವರೆಗೂ ನಿಂತೇ ಇರಬೇಕು. ಮೂತ್ರಕ್ಕೆ ಹೋಗಬೇಕಾದರೂ ಮೇಸ್ತ್ರಿಯ ಮುಂದೆ ಕೈಕಟ್ಟಿ ಕೇಳಬೇಕು, ಅವನು ಹಲ್ಲುಕಿರಿದು ಏನಾದರೊಂದು ಹೊಲಸು ಮಾತಾಡಿಯೇ ಬಿಡುತ್ತಿದ್ದ. ಏಳನೇ ಮಷೀನು ಥೀರಿಯದು. ಥೀರಿ ಈಗ ಗೋದಾಮಿನ ಪಕ್ಕದ ಬೆಂಚಿನ ಮೇಲೆ, ಬಲಗೈಗೆ ಟವೆಲ್ಲು ಸುತ್ತಿಕೊಂಡು, ಗಂಡನ ಹೆಗಲಿಗೆ ಒರಗಿ ಕೂತಿದ್ದಳು. ಆ ಟವೆಲ್ಲಿನೊಳಗೆ ಎಷ್ಟು ಬೆರಳು ಉಳಿದಿವೆ ಎಂದು ಬಿಚ್ಚಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

"ನಿಂತ್ಕೋತೀನಿ ಸೆಯಾ," ಎಂದಳು ನಿಲಾ. "ಮೊದ್ಲು ಬಾಗಿಲಿನ ಕಟ್ಟು ಬಿಚ್ಚಿಸಿ."

ಸೆಯಾ ಎಂದರೆ ಗುರು. ಬರ್ಮಾದವರು ಪಾಠ ಹೇಳಿದ ಮೇಷ್ಟ್ರನ್ನು, ಜೀವ ಉಳಿಸಿದ ವೈದ್ಯರನ್ನು ಹಾಗೆ ಕರೆಯುತ್ತಾರೆ. ಥಾಯ್ ದೇಶದ ಮಹಾಚಾಯ್ ಊರಿನ ಈ ಕಾರ್ಖಾನೆಯಲ್ಲಿ ಸೋ ಲ್ವಿನ್ ಕೂಡ ಹಾಗೆ ಕರೆಸಿಕೊಳ್ಳುತ್ತಿದ್ದ. ಅವನೂ ಇವರಂತೆಯೇ ಗಡಿ ದಾಟಿ ಕೂಲಿಗೆ ಬಂದವನು. ಥಾಯ್ ಮಾತು ಬೇಗ ಕಲಿತ, ಥಾಯ್ ಮ್ಯಾನೇಜರನಿಗೆ ಬೇಗ ಬಾಲ ಅಲ್ಲಾಡಿಸಿದ, ಅಷ್ಟೆ. ಈಗ ತನ್ನವರಿಗೇ ಎಮ್ಮೆ ಎನ್ನುತ್ತಾನೆ. ಥಾಯ್ ಜನ ದಡ್ಡರನ್ನು ಬೈಯುವ ಮಾತು ಅದು. ಮೊದಲು ಅದನ್ನು ಇವನಿಗೆ ಬೈದಿದ್ದರು, ಇವನು ಅದನ್ನು ಜೋಪಾನವಾಗಿಟ್ಟುಕೊಂಡು ಇವರಿಗೆ ದಾಟಿಸಿದ.

ಆ ಮಷೀನಿನ ವಿಷಯ ಹೇಳಬೇಕು. ಅದು ಒಂದೇ ಹಿಡಿಗೆ ಎರಡು ಬಣ್ಣ ಹಾಕುತ್ತದೆ. ಒಂದು ಕೊಳವೆಯಿಂದ ಬಿಳಿ ಪ್ಲಾಸ್ಟಿಕ್ಕು ಕರಗಿ ಬಂದು ಅಚ್ಚಿಗೆ ನುಗ್ಗುತ್ತದೆ. ಅದು ಗಟ್ಟಿಯಾಗುತ್ತಲೇ ಅಚ್ಚು ಹೊತ್ತ ದಪ್ಪ ಉಕ್ಕಿನ ಹಲಗೆ ಅರ್ಧ ಸುತ್ತು ತಿರುಗುತ್ತದೆ. ಆಗ ಇನ್ನೊಂದು ಕೊಳವೆಯಿಂದ ರಬ್ಬರಿನಂಥ ಹಸಿರು ಮಾಲು ಬಂದು ಬಿಳಿಯ ಮೇಲೆ ಕೂರುತ್ತದೆ. ಬಿಳಿ ಗಟ್ಟಿ, ಹಸಿರು ಮೆತ್ತಗೆ. ಹಿಡಿದುಕೊಳ್ಳುವವರ ಅಂಗೈಗೆ ಒತ್ತಬಾರದಂತೆ, ಅದಕ್ಕೇ ಆ ಹಸಿರು. ಸಮುದ್ರದಾಚೆ ಯಾರೋ ಬೆಳಿಗ್ಗೆ ಎದ್ದು ಕನ್ನಡಿ ನೋಡಿಕೊಂಡು ಹಲ್ಲುಜ್ಜುತ್ತಾರೆ, ಅವರ ಅಂಗೈಗೆ ನೋವಾಗಬಾರದು. ಆ ಮೆತ್ತನೆಗಾಗಿ ಥೀರಿಯ ಬೆರಳು ಹೋದವು.

ಮಷೀನಿಗೆ ಒಂದು ಬಾಗಿಲಿದೆ. ಬಾಗಿಲು ತೆರೆದರೆ ಎಲ್ಲವೂ ನಿಲ್ಲಬೇಕು, ಅದಕ್ಕೆಂದೇ ಚೌಕಟ್ಟಿನಲ್ಲಿ ಹೆಬ್ಬೆರಳಿನ ಗಾತ್ರದ ಒಂದು ಸ್ವಿಚ್ಚು. ಬಾಗಿಲು ಬಂದು ಅದನ್ನು ಒತ್ತಿದರೆ ಮಾತ್ರ ಮಷೀನು ಓಡುತ್ತದೆ. ಆದರೆ ತಯಾರಾದ ಹಿಡಿಗಳನ್ನು ಎತ್ತಿ ಹೊರಗಿಡುವ ಯಂತ್ರದ ಕೈ ಕೆಟ್ಟುಹೋಗಿ ಒಂದು ಮಳೆಗಾಲ ಕಳೆದಿತ್ತು. ಅದನ್ನು ರಿಪೇರಿ ಮಾಡಿಸಲಿಲ್ಲ. ಹೆಂಗಸಿನ ಕೈ ಅದಕ್ಕಿಂತ ಅಗ್ಗ. ಅವಳು ಪ್ರತಿ ಸಲ ಬಾಗಿಲು ತೆರೆದು, ಹಿಡಿ ಎಳೆದು, ಬಾಗಿಲು ಮುಚ್ಚಿ ಎಂದರೆ ಹೊತ್ತು ಹಿಡಿಯುತ್ತದೆ. ಹೊತ್ತು ಹಿಡಿದರೆ ಮ್ಯಾನೇಜರನ ಮುಖ ಊದಿಕೊಳ್ಳುತ್ತದೆ. ಆದ್ದರಿಂದ ಮೇಸ್ತ್ರಿ ಆ ಸ್ವಿಚ್ಚನ್ನು ತಂತಿಯಿಂದ ಬಿಗಿದು, ಮೇಲೆ ಕಪ್ಪು ಟೇಪು ಸುತ್ತಿಸಿದ್ದ. ಬಾಗಿಲು ಹಾರುಹೊಡೆದಿದ್ದರೂ ಮುಚ್ಚಿದೆ ಎಂದೇ ಮಷೀನು ನಂಬುತ್ತಿತ್ತು. ಹಲಗೆ ತಿರುಗುವುದರೊಳಗೆ ಕೈ ಹಾಕಿ ಎಳೆದುಕೊಳ್ಳಬೇಕು. ಆ ಬೆಳಿಗ್ಗೆ ಒಂದು ಹಿಡಿ ಅಚ್ಚಿಗೆ ಕಚ್ಚಿಕೊಂಡಿತು. ಥೀರಿ ಅದನ್ನು ಎಬ್ಬಿಸಲು ಹೋದಳು. ಹಲಗೆ ತಿರುಗಿತು. ಹಲಗೆಗೂ ಪಕ್ಕದ ಉಕ್ಕಿನ ಕಂಬಿಗೂ ನಡುವೆ ಅವಳ ಕೈ ಸಿಕ್ಕಿತು.

"ಏನಂದೆ?" ಎಂದ ಮೇಸ್ತ್ರಿ.

"ಕಟ್ಟು ಬಿಚ್ಚಿಸಿ ಅಂದೆ."

"ಓಹೋಹೋ. ಇಂಜಿನಿಯರಮ್ಮ ಬಂದ್ಲಪ್ಪ." ಅವನು ಸುತ್ತ ನೋಡಿ ನಕ್ಕ. ಯಾರೂ ನಗಲಿಲ್ಲ. "ಅವಳ ಎಮ್ಮೆ ಬುದ್ಧಿಗೆ ಅವಳ ಕೈ ಹೋಯ್ತು. ಮಷೀನು ಏನ್ಮಾಡತ್ತೆ? ನಿನ್ ಕೈ ಚುರುಕಾಗಿದೆ, ನಿಂಗೇನೂ ಆಗಲ್ಲ. ನಡಿ."

"ಥೀರಿ ಕೈಯೂ ಚುರುಕಾಗೇ ಇತ್ತು. ನೀವೇ ಹೊಗಳ್ತಿದ್ರಿ."

"ನಾಲಿಗೆ ಬಿಗಿ ಹಿಡಿ."

"ಹಿಡಿದಿದೀನಿ. ಕಟ್ಟು ಬಿಚ್ಚಿಸಿ."

ನಿಲಾ ಏನೂ ಧೈರ್ಯವಂತೆಯಲ್ಲ. ಪರ್ಮಿಟ್ಟು ಕಂಪನಿಯ ಕೈಯಲ್ಲಿ, ಮಲಗುವ ಕೋಣೆ ಕಂಪನಿಯದು, ಊರಲ್ಲಿ ಅವಳ ಅನ್ನ ತಿನ್ನುವ ತಾಯಿ. ಇವೆಲ್ಲ ತಲೆಯಲ್ಲಿ ಓಡುತ್ತಲೇ ಇದ್ದವು. ಆದರೂ ಕಾಲು ಆ ಮಷೀನಿನ ಕಡೆ ಏಳಲಿಲ್ಲ. ಹಲಗೆಯ ಅಂಚಿನಲ್ಲಿ ಇನ್ನೂ ಒರೆಸದ ಒಂದು ಕಲೆ ಇತ್ತು, ಅವಳ ಕಣ್ಣು ಅಲ್ಲೇ ನಿಂತಿತ್ತು.

ಗಾಜಿನ ಕೋಣೆಯಿಂದ ಮ್ಯಾನೇಜರ್ ಖುನ್ ಸೊಂಬತ್ ಇಳಿದು ಬಂದ. ಖುನ್ ಎಂದರೆ ಥಾಯ್ ಮಾತಿನಲ್ಲಿ ಸಾಹೇಬ. ಇಸ್ತ್ರಿ ಅಂಗಿ, ಕೊರಳಲ್ಲಿ ಚಿನ್ನದ ಕಟ್ಟು ಹಾಕಿಸಿದ ಬುದ್ಧನ ತಾಯತಗಳ ದೊಡ್ಡ ಗೊಂಚಲು. ಥೀರಿ ಕಿರುಚಿದಾಗ ಇಳಿಯದವನು ಮಷೀನಿನ ಸದ್ದು ನಿಂತದ್ದಕ್ಕೆ ಇಳಿದಿದ್ದ.

"ಏನಂತೆ?" ಎಂದು ಮೇಸ್ತ್ರಿಯನ್ನು ಕೇಳಿದ.

"ಏನಿಲ್ಲ ಖುನ್, ಹುಡುಗಿ ಸ್ವಲ್ಪ ಹೆದರ್ಕೊಂಡಿದಾಳೆ."

ನಿಲಾಳಿಗೆ ಥಾಯ್ ಅರ್ಥವಾಗುತ್ತದೆ, ಮುರುಕು ಮುರುಕಾಗಿ ಆಡಲೂ ಬರುತ್ತದೆ. "ಹೆದರಿಲ್ಲ ಖುನ್," ಎಂದಳು. "ಬಾಗಿಲಿನ ಸ್ವಿಚ್ಚು ಕಟ್ಟಿದಾರೆ. ಬಿಚ್ಚಿದ್ರೆ ನಿಂತ್ಕೋತೀನಿ."

ಸೊಂಬತ್ ಅವಳ ಮುಖ ನೋಡಲಿಲ್ಲ. ಮೇಸ್ತ್ರಿಯನ್ನೇ ನೋಡಿ, "ಬೇರೆ ಯಾರೂ ಇಲ್ವಾ?" ಎಂದ.

"ಇದಾರೆ, ಬೇಕಾದಷ್ಟಿದಾರೆ." ಮೇಸ್ತ್ರಿ ಪ್ಯಾಕಿಂಗ್ ಮೇಜಿನ ಕಡೆ ತಿರುಗಿದ. ಅಲ್ಲಿ ಎಲ್ಲರಿಗಿಂತ ಹಿರಿಯಳಾದ ದೋ ಯಿನ್ ಪೆಟ್ಟಿಗೆಗೆ ಅಂಟು ಹಾಕುತ್ತಿದ್ದಳು. "ಏಯ್ ಮುದುಕಿ, ನೀನು ಬಾ."

ದೋ ಯಿನ್ ಕಣ್ಣು ಕಿರಿದು ಮಾಡಿದಳು. "ಯಾರು ಕೂಗಿದ್ದು? ನಂಗೆ ದೂರದ್ದು ಕಾಣಲ್ಲ ಸೆಯಾ. ಆ ಮಷೀನು ಎಲ್ಲಿದೆ ಅಂತ್ಲೇ ಕಾಣಲ್ಲ."

ನಿನ್ನೆ ತಾನೇ ಅವಳು ಸೂಜಿಗೆ ದಾರ ಪೋಣಿಸಿ ಅವನ ಅಂಗಿಗೆ ಗುಂಡಿ ಹಚ್ಚಿಕೊಟ್ಟಿದ್ದಳು. ಮೇಸ್ತ್ರಿ ಇನ್ನೊಬ್ಬಳನ್ನು ಕರೆದ. ಅವಳಿಗೆ ಹೊಟ್ಟೆನೋವು. ಮತ್ತೊಬ್ಬಳಿಗೆ ತಲೆ ತಿರುಗುತ್ತಿತ್ತು. ಮೂಲೆಯ ಹುಡುಗಿಗೆ ಇದ್ದಕ್ಕಿದ್ದಂತೆ ಅವನು ಆಡುವ ಬರ್ಮೀಸ್ ಭಾಷೆಯೇ ಅರ್ಥವಾಗಲಿಲ್ಲ.

ಮೇಸ್ತ್ರಿಯ ಮುಖ ಕಪ್ಪಿಟ್ಟಿತು. ಮ್ಯಾನೇಜರನ ಎದುರು ಮಾನ ಹೋಗಿತ್ತು. ಅವನು ಬಕೆಟ್ಟಿಗೆ ಕೈ ಹಾಕಿ ಆ ಒದ್ದೆ ಬಟ್ಟೆಯನ್ನು ಎತ್ತಿ ನಿಲಾಳ ಎದೆಗೆ ಎಸೆದ. ಅದು ಅಂಗಿಗೆ ಅಂಟಿ, ಜಾರಿ, ಅವಳ ಪಾದದ ಮೇಲೆ ಬಿತ್ತು. ಥೀರಿಯ ರಕ್ತದ ನೀರು ಅವಳ ಹೊಟ್ಟೆಯ ಮೇಲೆ ಇಳಿಯಿತು.

"ಒಗಿ ಅದನ್ನ. ಒಗ್ದು, ನೆಲ ಒರೆಸಿ, ನಿನ್ ಗಂಟು ಮೂಟೆ ತಗೊಂಡು ಹಾಳಾಗಿ ಹೋಗು. ನಾಳೆಯಿಂದ ನಿಂಗೆ ಇಲ್ಲಿ ಕೆಲ್ಸ ಇಲ್ಲ. ಈ ಊರಲ್ಲೇ ಕೆಲ್ಸ ಸಿಗದ ಹಾಗೆ ಮಾಡ್ತೀನಿ."

ನಿಲಾ ಬಗ್ಗಿದಳು. ಬಗ್ಗಿದ್ದನ್ನು ಕಂಡು ಅವನಿಗೆ ಸಮಾಧಾನವಾಯಿತು. ಅವಳು ಬಟ್ಟೆಯನ್ನು ಎತ್ತಿ, ಮಡಚಿ, ಅವನ ಬೂಟಿನ ಮೇಲೆ ಇಟ್ಟಳು.

"ನೀವೇ ಒಗೀರಿ. ಕಟ್ಟಿದವರು ನೀವು."

ಹೇಳಿ ತಿರುಗಿ ನಡೆದುಬಿಟ್ಟಳು. ದಾರಿಯಲ್ಲಿ ಥೀರಿಯ ಬೆಂಚು ಇತ್ತು. ಥೀರಿಯ ತುಟಿ ಬೆಳ್ಳಗಾಗಿತ್ತು. ಗಂಡ ನ್ಯಾನ್ ಟುನ್ ನೆಲ ನೋಡುತ್ತ ಕೂತಿದ್ದ. ನಿಲಾ ಅವನನ್ನು ಕೋ, ಅಂದರೆ ಅಣ್ಣ, ಎಂದು ಕರೆಯುತ್ತಿದ್ದಳು. ಅವನ ಕೆಲಸ ಹಿಂಬದಿಯಲ್ಲಿ, ಪ್ಲಾಸ್ಟಿಕ್ಕಿನ ಬಾಲಗಳನ್ನು ಪುಡಿ ಮಾಡುವ ಗಿರಣಿಯಲ್ಲಿ. ಮೈತುಂಬ ಬಿಳಿ ಧೂಳು.

"ಕೋ ನ್ಯಾನ್, ಹೀಗೆ ಕೂತ್ರೆ ಆಯ್ತಾ? ಆಸ್ಪತ್ರೆಗೆ ಯಾಕೆ ಇನ್ನೂ ಕರ್ಕೊಂಡು ಹೋಗಿಲ್ಲ?"

"ಗಾಡಿ ಬರತ್ತಂತೆ," ಎಂದ ಅವನು, ತಲೆ ಎತ್ತದೆ.

"ಬಾಯಿ ಬಿಟ್ಟು ಕೇಳಿ ಅವರನ್ನ. ಹೆಂಡ್ತಿ ಅಲ್ವಾ ನಿಮ್ಗೆ?"

ಅವನು ಟವೆಲ್ಲಿನ ತುದಿಯನ್ನು ಇನ್ನಷ್ಟು ಬಿಗಿದ, ಅಷ್ಟೆ. ನಿಲಾಳಿಗೆ ಅವನ ಮೇಲೆ ಉಗಿಯಬೇಕೆನ್ನಿಸಿತು. ಹಾಸ್ಟೆಲ್ಲಿನಲ್ಲಿ ಅವರದು ಪಕ್ಕದ ಕೋಣೆ. ಬೆಳಿಗ್ಗೆ ಎದ್ದು ಬುದ್ಧನಿಗೆ ನೀರಿಟ್ಟು ಕೈಮುಗಿದು ಬರುವ ಮನುಷ್ಯ, ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಸರಿ. ಆದರೆ ಯಾರಿಗೂ ಎದುರಾಡುವುದೂ ಇಲ್ಲ. ಅಂಥ ಒಳ್ಳೆಯತನವನ್ನು ಇಟ್ಟುಕೊಂಡು ಏನು ಮಾಡುವುದು?

ಹೆಂಗಸರು ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಲಾ ಒಬ್ಬಳೇ ಗೋಡೆಗೆ ಹಣೆ ಒತ್ತಿ ನಿಂತಳು. ಅಳು ಬಂತು. ಸಿಟ್ಟಿನ ಅಳು. ಪ್ರತಿದಿನ ಬೆಳಿಗ್ಗೆ ಈ ಗೇಟಿನಲ್ಲಿ ಕೆನ್ನೆಗೆ ತೇದು ಹಚ್ಚಿಕೊಂಡ ತನಾಖಾ ತೊಗಟೆಯ ಗಂಧವನ್ನು ಒದ್ದೆ ಬಟ್ಟೆಯಿಂದ ಒರೆಸಿಸುತ್ತಿದ್ದರು. ಪುಡಿ ಉದುರಿ ಮಾಲು ಕೆಡುತ್ತದಂತೆ. ಮೇಸ್ತ್ರಿಯ ಸಿಗರೇಟಿನ ಬೂದಿಗೆ ಮಾಲು ಕೆಡುತ್ತಿರಲಿಲ್ಲ. ಅದನ್ನೂ ಸಹಿಸಿದ್ದಳು, ಎಮ್ಮೆ ಎನ್ನುವುದನ್ನೂ ಸಹಿಸಿದ್ದಳು. ಸಹಿಸಿಕೊಂಡು ಬಂದದ್ದಕ್ಕೆ ಎದೆಗೆ ಬಿದ್ದದ್ದು ಗೆಳತಿಯ ರಕ್ತದ ಬಟ್ಟೆ.

ದೋ ಯಿನ್ ಏದುಸಿರು ಬಿಡುತ್ತ ಒಳಗೆ ಬಂದಳು. ಹಿಂದೆ ಇನ್ನೂ ನಾಲ್ಕಾರು ಹೆಂಗಸರು.

"ಹುಡುಗೀ, ಅಳೋದು ಆಮೇಲೆ. ಅವಳನ್ನ ಗಡಿಗೆ ಸಾಗಿಸ್ತಿದಾರೆ."

"ಆಸ್ಪತ್ರೆಗೆ ಅಂದ್ರಲ್ಲ?"

"ಆಸ್ಪತ್ರೆ ಮೀನು ಮಾರ್ಕೆಟ್ಟಿನ ಹಿಂದೆ ಇದೆ, ಉಗುಳಿದ್ರೆ ಬೀಳೋಷ್ಟು ದೂರ. ಆ ಡ್ರೈವರ್ರು ಊಟದ ಪೊಟ್ಟಣ ಕಟ್ಟಿಸ್ಕೊಂಡ, ನೀರಿನ ಕ್ಯಾನು ಇಟ್ಕೊಂಡ, ಡೀಸೆಲ್ಲು ತುಂಬಿಸ್ಕೊಂಡು ಬಂದ. ಆಸ್ಪತ್ರೆಗೆ ಯಾವನು ಊಟ ಕಟ್ಕೊಂಡು ಹೋಗ್ತಾನೆ?"

ಒಬ್ಬಳು ಸಣ್ಣ ದನಿಯಲ್ಲಿ ಹೇಳಿದಳು, "ಕೋ ಮ್ಯಿಂಟ್‌ಗೂ ಹಿಂಗೇ ಮಾಡಿದ್ರು."

ಎಲ್ಲರಿಗೂ ನೆನಪಿತ್ತು. ಕೋ ಮ್ಯಿಂಟ್‌ನ ಪಾದದ ಮೇಲೆ ಕರಗಿದ ಮಾಲು ಬಿದ್ದಿತ್ತು. ಇದೇ ವ್ಯಾನಿನಲ್ಲಿ ಹಾಕಿಕೊಂಡು ಹೋಗಿ, ಗಡಿಯ ನದಿ ದಾಟಿಸಿ, ದಡದಲ್ಲಿ ಇಳಿಸಿ ಬಂದರು. ಅಲ್ಲಿ ಅವನ ಕಾಲು ಕೊಳೆಯಿತು. ಆಮೇಲೆ ಕಾರ್ಮಿಕ ಕಚೇರಿಯವರು ಬಂದು ಕೇಳಿದಾಗ, ಅಂಥ ಮನುಷ್ಯ ಇಲ್ಲಿ ಕೆಲಸಕ್ಕೇ ಇರಲಿಲ್ಲ ಎಂದುಬಿಟ್ಟರು. ಊರು ಬಿಟ್ಟವನಿಗೆ ಗಾಯವೂ ಆಗಿರುವುದಿಲ್ಲ. ಥೀರಿ ನದಿಯ ಆಚೆಗೆ ಹೋದರೆ ಅವಳ ಬೆರಳೂ ಹೋಗಿಲ್ಲ, ತಂತಿಯನ್ನೂ ಯಾರೂ ಕಟ್ಟಿಲ್ಲ.

ದೋ ಯಿನ್ ಹೇಳಿದಳು, "ದಾರೀಲಿ ಪೊಲೀಸ್ರು ಕೇಳಿದ್ರೆ ಮನೇಲಿ ಮೀನು ಹೆಚ್ತಿದ್ಲು ಅನ್ನು ಅಂತ ಅವಳ ಗಂಡನಿಗೆ ಹೇಳಿಕೊಟ್ಟ ಆ ಮೇಸ್ತ್ರಿ ನಾಯಿ. ನನ್ ಕಿವಿಯಾರೆ ಕೇಳ್ದೆ."

"ಕೋ ನ್ಯಾನ್ ಏನಂದ್ರು?"

"ಏನಂತಾನೆ? ತಲೆ ಆಡಿಸ್ದ."

ಹೊರಗೆ ವ್ಯಾನಿನ ಬಾಗಿಲು ಸರಿದ ಸದ್ದು ಕೇಳಿಸಿತು. ನಿಲಾ ಸುತ್ತ ನೋಡಿದಳು, ಕೈಗೆ ಏನಾದರೂ ಸಿಗುತ್ತದೆಯೇ ಎಂದು. ಗೋಡೆಯುದ್ದಕ್ಕೂ ಮೊಳೆ, ಮೊಳೆಗೊಂದೊಂದು ತಮೇನ್. ಸೊಂಟದಿಂದ ಹಿಮ್ಮಡಿಯವರೆಗೆ ಸುತ್ತಿಕೊಳ್ಳುವ ಹೆಂಗಸರ ಲುಂಗಿ. ಎಲ್ಲರೂ ಮನೆಯಿಂದ ಅದನ್ನು ಉಟ್ಟು ಬಂದು, ಇಲ್ಲಿ ಬಿಚ್ಚಿ, ಕಂಪನಿಯ ನೀಲಿ ಪ್ಯಾಂಟು ಹಾಕಿಕೊಳ್ಳಬೇಕು. ಹೂವಿನವು, ಗೀರಿನವು, ಬೆವರಿನ ವಾಸನೆಯವು.

ಅವಳು ತನ್ನದನ್ನು ಕಿತ್ತುಕೊಂಡಳು.

"ಕೊಡಿ. ಎಲ್ಲಾರೂ ಕೊಡಿ. ಗೇಟಿಗೆ ಕಟ್ತೀನಿ."

ಒಂದು ಕ್ಷಣ ಯಾರೂ ಅಲ್ಲಾಡಲಿಲ್ಲ. ಹೆಂಗಸು ಉಟ್ಟ ತಮೇನಿನ ಕೆಳಗೆ ಗಂಡಸಿನ ತಲೆ ಹಾದರೆ ಅವನ ತೇಜ ಇಳಿದುಹೋಗುತ್ತದೆ. ಹಾಲು ಕುಡಿಯುವಾಗಿನಿಂದ ಕೇಳಿಕೊಂಡು ಬಂದ ಮಾತು ಅದು. ಗಂಡನ ಬಟ್ಟೆಯ ಜತೆ ಒಂದೇ ಬಕೆಟ್ಟಿನಲ್ಲಿ ನೆನೆಸಬಾರದು. ಎತ್ತರದ ಹಗ್ಗಕ್ಕೆ ಒಣಹಾಕಬಾರದು. ಹಿತ್ತಲಲ್ಲಿ, ಸೊಂಟದೆತ್ತರದಲ್ಲಿ, ತಪ್ಪು ಮಾಡಿದವಳ ಹಾಗೆ ಒಣಹಾಕಬೇಕು. ನಿಲಾಳ ಅಪ್ಪ ಬೆಳಗಿನಿಂದ ಬೈಗಿನವರೆಗೆ ಕುಡಿದು ಮೋರಿಯಲ್ಲಿ ಬೀಳುವವನು. ಅವನೂ ಅಮ್ಮನ ತಮೇನನ್ನು ಕೋಲಿನ ತುದಿಯಿಂದ ಸರಿಸುತ್ತಿದ್ದ. ಅವನಲ್ಲಿ ಯಾವ ತೇಜ ಉಳಿದಿತ್ತೋ ಆ ದೇವರೇ ಬಲ್ಲ. ಥಾಯ್ ಗಂಡಸರೂ ಇದರಲ್ಲಿ ಕಮ್ಮಿಯಿಲ್ಲ. ಕೊರಳ ತಾಯತ ಹೆಂಗಸಿನ ಬಟ್ಟೆಯ ಕೆಳಗೆ ಹಾದರೆ ಮಂತ್ರ ಸತ್ತುಹೋಯಿತು ಎನ್ನುತ್ತಾರೆ.

ದೋ ಯಿನ್ ತುಟಿ ಕಚ್ಚಿಕೊಂಡಳು. ಆಮೇಲೆ ತನ್ನ ಕಂದು ತಮೇನನ್ನು ಮೊಳೆಯಿಂದ ತೆಗೆದಳು. "ತಗೋ. ನಂದು ಒಗ್ದೂ ಇಲ್ಲ. ಚೆನ್ನಾಗೇ ಆಯ್ತು."

ಪೆಟ್ಟಿಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯ ಸುರುಳಿಯನ್ನು ಒಬ್ಬಳು ಹೊತ್ತು ತಂದಳು. ಓಡಿದರು. ಕಾರ್ಖಾನೆಗೆ ಇರುವುದು ಒಂದೇ ಗೇಟು, ಎರಡು ಸಿಮೆಂಟಿನ ಕಂಬ. ಕಾವಲಿನ ಮುದುಕ ರೇಡಿಯೋ ಕೇಳುತ್ತ ಕೂತಿದ್ದ. ನಿಲಾ ಅವನ ಸ್ಟೂಲನ್ನು ಅವನು ಏಳುತ್ತಲೇ ಎಳೆದುಕೊಂಡು, ಹತ್ತಿ, ಪಟ್ಟಿಯ ಒಂದು ತುದಿಯನ್ನು ಕಂಬದ ಕೊಕ್ಕೆಗೆ ಬಿಗಿದಳು. ಇನ್ನೊಂದು ಕಂಬಕ್ಕೆ ಇನ್ನೊಂದು ತುದಿ. ತಮೇನ್‌ಗಳನ್ನು ಒಂದರ ಪಕ್ಕ ಒಂದು ಇಳಿಬಿಟ್ಟರು. ಗಾಳಿಗೆ ಅಂಚುಗಳು ಮನುಷ್ಯರ ತಲೆಯ ಎತ್ತರದಲ್ಲಿ ಆಡಿದವು. ಕಾವಲುಗಾರ ಎದ್ದವನು ಹಾಗೇ ಹಿಂದೆ ಹಿಂದೆ ಸರಿದು ಒಳಗಿನ ಗೋಡೆಗೆ ಬೆನ್ನು ಹಚ್ಚಿದ. ಹೆಂಗಸರು ಗೇಟಿನ ಹೊರಗೆ, ರಸ್ತೆಯಲ್ಲಿ, ಸಾಲಾಗಿ ಕೂತರು.

ವ್ಯಾನು ಬಂತು. ಬಂದು ನಿಂತಿತು.

ಡ್ರೈವರು ಗಾಜಿನ ಮುಂದೆ ನೇತಾಡುವ ತಾಯತಗಳನ್ನೊಮ್ಮೆ, ಹಗ್ಗವನ್ನೊಮ್ಮೆ ನೋಡಿದ. ಹಾರ್ನು ಹೊಡೆದ. ಯಾರೂ ಏಳಲಿಲ್ಲ. ಪಕ್ಕದ ಸೀಟಿನಿಂದ ಮೇಸ್ತ್ರಿ ಇಳಿದು ಬಂದ.

"ಏನ್ರೇ ಇದು, ನಾಚ್ಕೆ ಮಾನ ಇಲ್ಲದವ್ರೇ! ಬಿಚ್ರೇ ಅದನ್ನ!"

"ಬಿಚ್ಕೊಟ್ಟಿದ್ದೇ ಅದು," ಎಂದಳು ದೋ ಯಿನ್. "ಇನ್ನೇನು ಬಿಚ್ಬೇಕು?"

ಮೇಸ್ತ್ರಿ ಡ್ರೈವರನ ಕಡೆ ತಿರುಗಿದ. "ಹೊಡಿ ಗಾಡಿ. ಬಟ್ಟೆ ತಾನೇ."

"ನೀನು ಹೊಡಿ," ಎಂದ ಡ್ರೈವರು. "ನಮ್ಮಪ್ಪನ ಕಾಲದ ತಾಯತ ಇದೆ ಇದ್ರಲ್ಲಿ. ರಸ್ತೇಲಿ ಸತ್ರೆ ನೀನು ಬರ್ತೀಯಾ?"

"ಏಯ್, ಗೇಟಿನ ತಾತಾ, ಎಳ್ದು ಹಾಕು!"

"ನಂಗೆ ಸಂಬಳ ಗೇಟು ಕಾಯೋಕೆ. ಹೆಂಗಸ್ರ ಬಟ್ಟೆ ಮುಟ್ಟೋಕಲ್ಲ."

ಸೊಂಬತ್ ತನ್ನ ಕಾರಿನವರೆಗೆ ಬಂದು, ಹಗ್ಗ ಕಂಡು, ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತ. ಅಂಗಿಯ ಮೇಲಿಂದಲೇ ತಾಯತಗಳನ್ನು ಮುಚ್ಚಿಕೊಂಡಂತಿತ್ತು. ಅಷ್ಟರಲ್ಲಿ ಒಳಗಿನಿಂದ ಕಮಟು ವಾಸನೆ ಬಂತು. ನೋಡಿಕೊಳ್ಳುವವರಿಲ್ಲದೆ, ಶಾಖ ಆರಿಸದೆ ನಿಂತ ಏಳನೇ ಮಷೀನಿನ ಎರಡೂ ಕೊಳವೆಗಳಲ್ಲಿ ಬಿಳಿ ಮಾಲೂ ಹಸಿರು ಮಾಲೂ ಸುಡುತ್ತಿದ್ದವು. "ಮಾಲು! ಮಾಲು ಹೊತ್ತಿಹೋಗ್ತಿದೆ!" ಎಂದು ಕೂಗುತ್ತ ಸೊಂಬತ್ ಒಳಗೆ ಓಡಿದ. ಮನುಷ್ಯಳ ಬೆರಳು ಜಜ್ಜಿದಾಗ ಮೆಟ್ಟಿಲಿಳಿಯದ ಕಾಲು ಅದು, ಪ್ಲಾಸ್ಟಿಕ್ಕಿನ ಹೊಗೆಗೆ ಎಷ್ಟು ವೇಗವಾಗಿ ಓಡಿತು ನೋಡಿ.

ಮೇಸ್ತ್ರಿ ಒಂದು ಬಿದಿರಿನ ಗಳ ತಂದ. ದೂರ ನಿಂತು, ಮುಖ ಹೊರಳಿಸಿ, ತುದಿಯಿಂದ ದೋ ಯಿನ್‌ಳ ಕಂದು ತಮೇನನ್ನು ಎತ್ತಿದ. ಅದು ಹಗ್ಗದಿಂದ ಬಿಟ್ಟುಕೊಂಡು ಗಳದ ಮೇಲೆ ಸರ್ರನೆ ಅವನ ಕೈಯ ಕಡೆಗೇ ಜಾರಿ ಬಂತು. ಅವನು ಗಳ ಬಿಸಾಡಿ ಹಾರಿ ಹಿಂದೆ ಬಿದ್ದ, ಕುಂಡೆ ಊರಿ ಕೂತ. ಹೆಂಗಸರು ಹೋ ಎಂದು ನಕ್ಕರು. ಆ ಕಾರ್ಖಾನೆಯಲ್ಲಿ ಅವರು ಅಷ್ಟು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು. ಒಬ್ಬಳು ಎದ್ದು ಬಂದು ಆ ತಮೇನನ್ನು ಕೊಡವಿ ಮತ್ತೆ ಹಗ್ಗಕ್ಕೆ ಹಾಕಿದಳು.

"ನಗ್ರೇ, ನಗ್ರಿ," ಎಂದ ಮೇಸ್ತ್ರಿ ಎದ್ದು. ದನಿ ಒಡೆದಿತ್ತು. "ಥೂ, ಹೊಲಸು ಮುಂಡೇವಾ. ಗಂಡಸ್ರ ದಾರಿಗೆ ಹೊಲಸು ಕಟ್ತೀರಾ?"

ದೋ ಯಿನ್ ಕೂತಲ್ಲಿಂದಲೇ ಹೇಳಿದಳು, "ನಿಮ್ಮಮ್ಮ ಉಟ್ಟಿದ್ದೂ ಇದೇ ಕಣೋ. ಇದ್ರೊಳಗಿಂದ್ಲೇ ಅಲ್ವಾ ನೀನು ಭೂಮಿಗೆ ಬಿದ್ದಿದ್ದು? ಆಗ ನಿನ್ ತೇಜ ಎಲ್ಲಿತ್ತು, ಜೇಬಲ್ಲಿತ್ತಾ?"

ನಿಲಾ ಎದ್ದು ಹಗ್ಗದ ಹತ್ತಿರ ಬಂದಳು. "ಥೀರೀನ ಇಳಿಸಿ ಸೆಯಾ. ಆಸ್ಪತ್ರೆಗೆ ನಾವು ಕರ್ಕೊಂಡು ಹೋಗ್ತೀವಿ. ಇಲ್ಲಾಂದ್ರೆ ಈ ಗಾಡಿ ಇಲ್ಲೇ ಇರತ್ತೆ, ನೀವೂ ಇಲ್ಲೇ ಇರ್ತೀರ."

ಮೇಸ್ತ್ರಿಗೆ ಆಗ ಒಂದು ಉಪಾಯ ಹೊಳೆಯಿತು. ವ್ಯಾನಿನ ಹಿಂಬಾಗಿಲು ಎಳೆದ. ಒಳಗೆ ಥೀರಿ ಗಂಡನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಟವೆಲ್ಲು ಪೂರಾ ಕೆಂಪಾಗಿತ್ತು.

"ನ್ಯಾನ್ ಟುನ್, ಇಳಿ. ಇಳಿದು ಹೋಗಿ ಆ ಹಗ್ಗ ಕಿತ್ತು ಬಾ. ಅದ್ರಲ್ಲಿ ನಿನ್ ಹೆಂಡ್ತೀದೂ ಇದೆ. ಕಟ್ಕೊಂಡವನಿಗೆ ಏನೂ ದೋಷ ಇಲ್ಲ. ಕಿತ್ರೆ ನಿನ್ ಕೆಲ್ಸ ಉಳಿಯತ್ತೆ, ನಾನು ಖುನ್ ಹತ್ರ ಮಾತಾಡ್ತೀನಿ. ಕೀಳ್ದಿದ್ರೆ ಇಬ್ರೂ ಜೈಲಲ್ಲಿ ಕೊಳೀತೀರ. ಇಳಿ!"

ನ್ಯಾನ್ ಟುನ್ ಇಳಿದ. ಹೆಂಡತಿಯ ತಲೆಯನ್ನು ಮೆಲ್ಲಗೆ ಸೀಟಿನ ಮೇಲಿಟ್ಟು ಇಳಿದ. ಬಿಳಿ ಧೂಳಿನ ಮೈಯಲ್ಲಿ ಕಣ್ಣು ಮಾತ್ರ ಕೆಂಪಗಿತ್ತು. ಹಗ್ಗದವರೆಗೆ ನಡೆದು ಬಂದು ನಿಂತ. ಹೆಂಗಸರ ನಗು ನಿಂತಿತು. ನಿಲಾ ಅವನಿಗೆ ಎದುರಾಗಿ, ಹಗ್ಗದ ಈಚೆ ನಿಂತಿದ್ದಳು. ಇವನು ಕೀಳುತ್ತಾನೆ ಎಂದೇ ಅವಳಿಗೆ ಅನ್ನಿಸಿತು. ಕಿತ್ತರೆ ಎಲ್ಲ ಮುಗಿಯಿತು, ವ್ಯಾನು ಹೋಗುತ್ತದೆ, ಥೀರಿಯ ಕೈ ನದಿಯಾಚೆ ಕೊಳೆಯುತ್ತದೆ.

"ಕೀಳ್ತೀರಾ ಕೋ ನ್ಯಾನ್?" ಎಂದಳು. "ಕೀಳಿ. ಅವಳ ಕೈ ಕಿತ್ತಿದ್ದು ಸಾಲ್ದು ನೋಡಿ."

ಅವನ ಕೆನ್ನೆ ಅದುರಿತು. ಥೀರಿಯ ತಮೇನ್ ಅವನ ಹಣೆಯ ಮುಂದೆಯೇ ಇತ್ತು, ಹಳದಿ, ಅಂಚಿನಲ್ಲಿ ಬಳ್ಳಿ. ಅವನು ಕೈ ಎತ್ತಿದ. ಎತ್ತಿದ ಕೈಯನ್ನು ಹಾಗೇ ಇಳಿಸಿದ. ತಿರುಗಿ ವ್ಯಾನಿಗೆ ಹೋದ.

"ಏನೋ, ಏನಾಯ್ತೋ?" ಎಂದ ಮೇಸ್ತ್ರಿ.

ನ್ಯಾನ್ ಟುನ್ ಬಗ್ಗಿ ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅವಳು ನರಳಿದಳು. ಮೇಸ್ತ್ರಿ ಅಡ್ಡ ಬಂದ, ಅವನು ಭುಜದಿಂದ ತಳ್ಳಿದ. ಬಾಗಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ನೆಟ್ಟಗೆ ನಡೆದು ಬಂದ. ಹಳದಿ ತಮೇನ್ ಅವನ ಕೂದಲಿಗೆ ತಾಗಿತು, ಮುಖವನ್ನು ಸವರಿತು, ಹೆಗಲ ಮೇಲಿಂದ ಹಿಂದಕ್ಕೆ ಜಾರಿತು. ಅವನು ರಸ್ತೆಗೆ ಬಂದಿದ್ದ. ಹೆಂಗಸರಲ್ಲಿ ಒಬ್ಬಳು ಅಮ್ಮಾ ಎಂದು ಬಾಯಿ ಮುಚ್ಚಿಕೊಂಡಳು.

ಮೇಸ್ತ್ರಿ ಹಗ್ಗದ ಆಚೆಯಿಂದ ಕಿರುಚಿದ. "ಥೂ! ನೀನು ಗಂಡಸೇನೋ?"

ನ್ಯಾನ್ ಟುನ್ ನಿಂತ. ಹೆಂಡತಿಯನ್ನು ತೋಳಿನಲ್ಲಿ ಸರಿಮಾಡಿಕೊಂಡ.

"ಅದನ್ನ ಅಲ್ಲೇ ಉದುರಿಸಿ ಬಂದಿದೀನಿ ಸೆಯಾ. ಬೇಕಾದ್ರೆ ಎತ್ಕೊಳಿ."

ಅಷ್ಟು ಮಾತು ಅವನು ಆಡಿದ್ದನ್ನು ನಿಲಾ ಕೇಳಿರಲೇ ಇಲ್ಲ. ಆಗ ಬೆಂಚಿನ ಬಳಿ ಅವನ ಬಗ್ಗೆ ಅಂದುಕೊಂಡದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಓಡಿ ಹೋಗಿ ಥೀರಿಯ ಗಾಯದ ಕೈಯನ್ನು ಎತ್ತರಕ್ಕೆ ಹಿಡಿದುಕೊಂಡಳು, ರಕ್ತ ಇಳಿಯದಿರಲಿ ಎಂದು. ದೋ ಯಿನ್ ಮತ್ತು ಉಳಿದವರು ಹಗ್ಗದ ಬಳಿಯೇ ಕೂತರು. "ನೀವು ಹೋಗಿ," ಎಂದಳು ಮುದುಕಿ. "ಇವರನ್ನ ನಾವು ಕಾಯ್ತೀವಿ."

ಮೀನಿನ ಲಾರಿಗಳ ನಡುವೆ, ಬಿಸಿಲಲ್ಲಿ, ಅವರು ನಡೆದರು. ಮಂಜುಗಡ್ಡೆಯ ನೀರು ರಸ್ತೆಯ ತುಂಬ ಹರಿದಿತ್ತು. ಸೀಗಡಿ ಬಿಡಿಸುವ ಶೆಡ್ಡುಗಳಿಂದ ಬರ್ಮಾದ ಹೆಂಗಸರು ತಲೆ ಹೊರಗೆ ಹಾಕಿ ನೋಡಿದರು. ನ್ಯಾನ್ ಟುನ್ ಎರಡು ಸಲ ಎಡವಿದ, ಬೀಳಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಟವೆಲ್ಲು ಬಿಚ್ಚಿದಳು. ನ್ಯಾನ್ ಟುನ್ ಗೋಡೆಯ ಕಡೆ ತಿರುಗಿದ. ನಿಲಾ ನೋಡಿದಳು. ನೋಡಲೇಬೇಕೆಂದು ನೋಡಿದಳು. ಮೂರು ಬೆರಳು ಇರಲಿಲ್ಲ, ಇದ್ದ ಜಾಗದಲ್ಲಿ ಒಂದಿಷ್ಟು ಹಸಿರು ಪ್ಲಾಸ್ಟಿಕ್ಕು ಮಾಂಸಕ್ಕೆ ಅಂಟಿಕೊಂಡಿತ್ತು.

ನರ್ಸು ಚುಚ್ಚುಮದ್ದು ಕೊಟ್ಟು ಪೆನ್ನು ತೆಗೆದುಕೊಂಡಳು. "ಎಲ್ಲಾಯ್ತು ಇದು? ಮನೇಲೋ, ಕೆಲ್ಸದಲ್ಲೋ?"

ನಿಲಾ ಬಾಯಿ ತೆರೆದಳು. ಥೀರಿ ಎಡಗೈ ಎತ್ತಿ ಅವಳ ಮಣಿಕಟ್ಟು ಹಿಡಿದಳು. ಬೆಳಗಿನ ಆ ಕಿರುಚಾಟದ ಮೇಲೆ ಅವಳು ಮಾತೇ ಆಡಿರಲಿಲ್ಲ. ತುಟಿ ಒಣಗಿ ಅಂಟಿಕೊಂಡಿದ್ದವು.

"ಕೆಲ್ಸದಲ್ಲಿ," ಎಂದಳು ಥಾಯ್ ಮಾತಿನಲ್ಲಿ, ಒಂದೊಂದೇ ಪದ ಹುಡುಕಿ. "ಬ್ರಷ್ಷಿನ ಕಾರ್ಖಾನೆ. ಏಳನೇ ಮಷೀನು. ಬಾಗಿಲು ತೆರೆದಿದ್ರೂ ತಿರುಗ್ತಿತ್ತು. ಸ್ವಿಚ್ಚು ಕಟ್ಟಿದ್ರು."

ನರ್ಸಿನ ಪೆನ್ನು ನಿಂತಿತು. ಅವಳು ಬಾಗಿಲ ಕಡೆ ನೋಡಿದಳು. ಇಂಥ ಗಾಯದ ಜತೆ ಯಾವಾಗಲೂ ಕಂಪನಿಯ ಒಬ್ಬ ಗಂಡಸು ಬಂದು ನಿಲ್ಲುತ್ತಾನೆ, ಗಾಯವಾದವರ ಬದಲು ಅವನೇ ಹೇಳುತ್ತಾನೆ, ಅದು ಅವಳಿಗೆ ರೂಢಿ.

"ಕಂಪನಿಯವ್ರು ಯಾರೂ ಬಂದಿಲ್ವಾ?"

"ಅವ್ರಿಗೆ ಗೇಟು ದಾಟೋಕೆ ಆಗ್ಲಿಲ್ಲ ಅಕ್ಕಾ," ಎಂದಳು ಥೀರಿ. "ನಾನೇ ಹೇಳ್ತೀನಿ. ನೀವು ಬರ್ಕೊಳ್ಳಿ."